ಅಕ್ಕನ ಹೆಬ್ಬೆರಳಿಗೊಂದು ಚಿಪ್ಪು

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನೂ ನನ್ನ ಗಂಡನೂ ಮಿಕ್ಸಿ, ಹೊಲಿಗೆ ಯಂತ್ರ, ಔಷಧ ಹೊಡೆಯುವ ಪಂಪು ರಿಪೇರಿ ಮಾಡುತ್ತೇವೆ. ಬಂದವರು ತಂದ ಸಾಮಾನನ್ನು ಕೌಂಟರಿನ ಮೇಲೆ ಕುಕ್ಕಿ, ನಮ್ಮ ಮುಖವನ್ನೂ ನೋಡದೆ ಮೂಲೆಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ನಮ್ಮ ಥ್ರೀಡಿ ಪ್ರಿಂಟರ್ ಇದೆ. ಅದರ ಮೂತಿ ಅತ್ತಿಂದಿತ್ತ ಓಡಾಡುವುದನ್ನು ನೋಡುತ್ತ ಅವರಿಗೆ ಬಸ್ ತಪ್ಪುತ್ತದೆ.

"ಇದೇನ್ ಮಾಡಾಕತ್ತದ್ರಿ ಅಕ್ಕಾರ?" ಎಂದು ಕೇಳುತ್ತಾರೆ.

"ಮೆಹಂದಿ ಹಾಕಾಕತ್ತದ," ಎನ್ನುತ್ತೇನೆ ನಾನು. ನಗೆಗೆ ಹೇಳಿದರೂ ಮಾತು ಸುಳ್ಳಲ್ಲ. ಮೆಹಂದಿ ಕೋನಿನಿಂದ ಗೆರೆ ಎಳೆದಂತೆಯೇ ಇದು ಪ್ಲಾಸ್ಟಿಕ್ ತಂತಿಯನ್ನು ಕರಗಿಸಿ ಗೆರೆ ಎಳೆಯುತ್ತದೆ. ಒಂದು ಪದರ ಆರಿದ ಮೇಲೆ ಅದರ ಮೇಲೆ ಇನ್ನೊಂದು. ಹೀಗೆ ಏರುತ್ತ ಏರುತ್ತ ಮಿಕ್ಸಿಯ ಗುಂಡಿಯೋ, ಪಂಪಿನ ಮುಚ್ಚಳವೋ ಎದ್ದು ನಿಲ್ಲುತ್ತದೆ. ಕಂಪನಿಯವರು ಮಾರುವುದನ್ನೇ ನಿಲ್ಲಿಸಿದ ಹಳೇ ಮಾಡೆಲ್ಲುಗಳ ಬಿಡಿಭಾಗಕ್ಕಾಗಿ ದೇವಾಪುರದಿಂದ, ಗುರುಮಠಕಲ್ಲಿನಿಂದ ಜನ ನಮ್ಮಲ್ಲಿಗೆ ಬರುವುದು ಇದರಿಂದಲೇ.

ಆದರೆ ಈ ಯಂತ್ರ ಬಂದ ದಿನ ನಾನು ಗಂಡನಿಗೆ ಊಟ ಬಡಿಸಲಿಲ್ಲ. ಬಾಗಿಲು ಮುಚ್ಚುತ್ತಿದ್ದ ಯಾವುದೋ ಖಾಸಗಿ ಕಾಲೇಜಿನ ಲ್ಯಾಬಿನಿಂದ ಇವರು ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. "ಹಾಳಾದ್ದು ಹಾವಾಡಿಗರ ಪೆಟಗಿ ಹಂಗದ, ಇದನ್ಯಾಕ ತಂದ್ರಿ?" ಎಂದು ಕೂಗಾಡಿದೆ. ಆಮೇಲೆ ಅದರ ಮುಂದೆ ಕೂತು ಕಲಿತವಳೂ ನಾನೇ. ಇವರಿಗೆ ತಾಳ್ಮೆ ಬಹಳ, ಆದರೆ ಕಂಪ್ಯೂಟರ್ ಕಂಡರೆ ಆಗುವುದಿಲ್ಲ. ನನಗೆ ತಾಳ್ಮೆ ಬಿಲ್ಕುಲ್ ಇಲ್ಲ, ಆದರೆ ಹಠ ಇದೆ. ಹಿಂದಿ ವಿಡಿಯೋ ನೋಡಿ ನೋಡಿ ಕಲಿತೆ. ಕೆಳಗಿನ ತಟ್ಟೆ ಮಟ್ಟ ಇಲ್ಲದಿದ್ದರೆ ಮೊದಲ ಪದರ ಹಿಡಿಯುವುದಿಲ್ಲ. ತಟ್ಟೆ ಬೆಚ್ಚಗಿರದಿದ್ದರೆ ಮೂಲೆಗಳು ಏಳುತ್ತವೆ. ಎಲ್ಲ ಸರಿಯಾಗಿ ಮುಕ್ಕಾಲು ಕೆಲಸ ಆಯಿತು ಎನ್ನುವಾಗ ಕರೆಂಟು ಹೋಗುತ್ತದೆ. ನಾನು ಆ ಯಂತ್ರಕ್ಕೆ ಬೈದಷ್ಟು ನನ್ನ ಗಂಡನಿಗೂ ಬೈದಿಲ್ಲ.

ಕಲಿಯುತ್ತಾ ಹೋದಂತೆ ಇದರ ಹಿಂದಿನ ಕತೆಯೂ ತಿಳಿಯಿತು. ತಿಳಿದು ಸಿಟ್ಟೇ ಬಂತು. ನಾನು ಇದನ್ನು ನಿನ್ನೆ ಮೊನ್ನೆಯ ವಿದ್ಯೆ ಎಂದುಕೊಂಡಿದ್ದೆ. ನಾನು ಲಂಗ ಉಟ್ಟು ಶಾಲೆಗೆ ಹೋಗುವಾಗಲೇ ಅಮೆರಿಕದ ಕಂಪನಿಗಳ ಹತ್ತಿರ ಇದು ಇತ್ತಂತೆ. ಒಂದು ಕಂಪನಿ ತಂತಿ ಕರಗಿಸುವ ಹಕ್ಕನ್ನು, ಇನ್ನೊಂದು ಬೆಳಕು ಬಿಟ್ಟು ರಾಳ ಗಟ್ಟಿ ಮಾಡುವ ಹಕ್ಕನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಕೂತಿದ್ದವು. ಅಲ್ಮಾರಿಯಷ್ಟು ದೊಡ್ಡ ಯಂತ್ರ, ಕಾರು, ವಿಮಾನ ಮಾಡುವವರು ಮಾತ್ರ ಕೊಳ್ಳಬಹುದಾದದ್ದು. ಹಕ್ಕಿನ ಗಡುವು ಹತ್ತಿರ ಬಂದಾಗ ಎಲ್ಲೋ ಪರದೇಶದ ಕೆಲವು ಮೇಷ್ಟ್ರುಗಳು, ಹವ್ಯಾಸಿಗಳು ಸೇರಿ ಸಣ್ಣ ಯಂತ್ರದ ನಕ್ಷೆ ಬರೆದು, ಯಾರು ಬೇಕಾದರೂ ಮಾಡಿಕೊಳ್ಳಿ ಎಂದು ಅಂತರ್ಜಾಲಕ್ಕೆ ಬಿಟ್ಟರು. ಆಮೇಲೆ ಚೀನಾದವರು ಅದನ್ನೇ ಬಿಡಿ ಬಿಡಿ ಮಾಡಿ ಡಬ್ಬಿಯಲ್ಲಿ ತುಂಬಿ ಮಾರತೊಡಗಿದರು. ಹಾಗೆ ಅದು ಮೇಜಿನ ಮೇಲೆ ಇಳಿದು, ಕಾಲೇಜಿಗೆ ಬಂದು, ಗೋಣಿಚೀಲ ಹೊಕ್ಕು ನಮ್ಮ ಓಣಿಗೆ ಬಂತು. ಆ ಮೇಷ್ಟ್ರುಗಳು ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ.

ಇನ್ನು ನನ್ನ ನೆಗೆಣ್ಣಿಯ ಮಾತು. ನನ್ನ ಗಂಡನ ಅಣ್ಣನ ಹೆಂಡತಿ ಸುರಪುರದಲ್ಲಿ ಇರುತ್ತಾಳೆ. ನಾನು ಅಕ್ಕ ಎನ್ನುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಿಬ್ಬರಿಗೂ ಒಂದೇ ಒಲೆ. ನಾನು ಬಡಿದ ರೊಟ್ಟಿಯನ್ನು ಅತ್ತೆಯ ಮುಂದೆ ಎತ್ತಿ ಹಿಡಿದು, "ಇದು ರೊಟ್ಟಿನೋ ಆಂಧ್ರದ ನಕಾಶೆನೋ?" ಎಂದು ಕೇಳಿದ ಹೆಂಗಸು. ಅವತ್ತಿನಿಂದ ನಮ್ಮಿಬ್ಬರ ಜಗಳ ಶುರುವಾಗಿದ್ದು ಇನ್ನೂ ಮುಗಿದಿಲ್ಲ, ಮುಗಿಯುವುದೂ ಬೇಡ.

ಆಕೆಯ ರೊಟ್ಟಿಯೆಂದರೆ ಹಪ್ಪಳದಷ್ಟು ತೆಳು, ಅಂಚು ನಡು ಎಲ್ಲ ಒಂದೇ ಸಮ. ಓಣಿಯ ಹೆಂಗಸರನ್ನು ಕೂಡಿಸಿ ಆಕೆಯೇ ಒಂದು ಸಂಘ ಕಟ್ಟಿದಳು. ಬಾಡಿಗೆ ಕೋಣೆಯೊಂದರಲ್ಲಿ ಬೆಳಗಿನಿಂದ ಖಡಕ್ ರೊಟ್ಟಿ ಮಾಡಿ, ಕಟ್ಟು ಕಟ್ಟಿ ಯಾದಗಿರಿಗೆ, ಹೈದರಾಬಾದಿಗೆ ಕಳಿಸುತ್ತಾರೆ. ಕೆಲಸ ಹಂಚಿಕೊಂಡಿದ್ದಾರೆ. ಒಬ್ಬಾಕೆ ಜೋಳದ ಹಿಟ್ಟಿಗೆ ಎಸರು ಹೊಯ್ದು, ಅಂದರೆ ಕುದಿಯುವ ನೀರು ಹೊಯ್ದು, ನಾದಿ ಕೊಡುತ್ತಾಳೆ. ಬಡಿಯುವವರು ಬಡಿಯುತ್ತಾರೆ. ಬೇಯಿಸುವವರು ಹಂಚಿನ ಮುಂದೆ ಕೂರುತ್ತಾರೆ. ಬಡಿಯುವವರ ಸಾಲಿನಲ್ಲಿ ಬಾಗಿಲ ಪಕ್ಕದ ಕಲ್ಲು ಅಕ್ಕನದು. ಅಲ್ಲಿ ಕೂತು ಆಕೆ ಎಲ್ಲರ ಮೇಲೂ ಬಾಯಿ ಮಾಡುತ್ತ ಕೆಲಸ ನಡೆಸುತ್ತಿದ್ದಳು.

ಹೋದ ಮಳೆಗಾಲದಲ್ಲಿ ಆಕೆ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಎಲುಬು ಕೂಡಿತು. ಪಟ್ಟಿ ಬಿಚ್ಚಿದಾಗ ಹೆಬ್ಬೆರಳು ಎದ್ದು ನಿಲ್ಲಲಿಲ್ಲ. ಯಾದಗಿರಿಯ ಡಾಕ್ಟರು ನೋಡಿ, ಅದನ್ನು ಎತ್ತುವ ನರ ಸೋತಿದೆ, ತಾನಾಗಿ ಚೇತರಿಸಿಕೊಳ್ಳಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಬೆರಳಿಗೆ ಆಧಾರ ಕೊಟ್ಟು ಕೈಗೆ ಕೆಲಸ ಕೊಡಿ, ಸುಮ್ಮನೆ ಇಡಬೇಡಿ ಎಂದರು.

ಕೆಲಸವೇನೋ ಇತ್ತು. ಆದರೆ ಅಕ್ಕ ಕಲ್ಲಿನ ಮುಂದೆ ಕೂತು ಬಡಿಯಲು ಹೋದರೆ ಆ ಹೆಬ್ಬೆರಳು ಅಂಗೈಯೊಳಗೆ ಜಾರಿ ರೊಟ್ಟಿಗೆ ತೂತು ಹಾಕುತ್ತಿತ್ತು. ಅಂಗಡಿಯಲ್ಲಿ ಸಿಗುವ ಬಟ್ಟೆಯ ಪಟ್ಟಿ ಕಟ್ಟಿಕೊಂಡಳು. ಹಿಟ್ಟು, ನೀರು ಹೀರಿ ಎರಡು ದಿನಕ್ಕೇ ನಾರಿತು. ಯಾರೋ ಚರ್ಮದ ಪಟ್ಟಿ ತಂದುಕೊಟ್ಟರು. ಅದನ್ನು ಮುಟ್ಟಲೂ ಇಲ್ಲ. "ಮಂದಿ ಉಣ್ಣೋ ಅನ್ನಕ್ಕ ತೊಗಲು ಮುಟ್ಟಸ್ತೀನೇನು ನಾ?" ಎಂದಳು. ಕೊನೆಗೆ ಕಟ್ಟು ಕಟ್ಟುವ ಕೆಲಸಕ್ಕೆ ಕೂತಳು, ಅದೂ ಎಡಗೈಯಲ್ಲಿ.

ದೀಪಾವಳಿ ಮುಗಿದ ಮೇಲೆ ನಾನು ಸುರಪುರಕ್ಕೆ ಹೋದಾಗ ಆಕೆ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡಿದಳು. ನನಗೆ ಒಂದು ಕೊಂಕು ಮಾತೂ ಆಡಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು.

"ಎಳ್ಳಮವಾಸ್ಯೆ ಹಬ್ಬದ ತನಕ ಸಂಘದಾಗ ಇರ್ತೀನಿ," ಎಂದಳು. "ಆಗ ರೊಟ್ಟಿ ಬಾಳ ಹೋಗ್ತಾವ, ನಡುವ ಬಿಟ್ಟು ಹೋದ್ರ ಅವ್ರಿಗಿ ಪರೇಶಾನಿ ಆಗ್ತದ. ಆಮ್ಯಾಲ ಬಿಡ್ತೀನಿ. ನನ್ನ ಕಲ್ಲು ಬ್ಯಾರೆ ಯಾರಿಗರ ಕೊಡ್ಲಿ."

"ಹುಚ್ಚಿಯೇನು ನೀ? ಸಂಘ ಕಟ್ಟಿದಾಕಿ ನೀ."

"ಕಟ್ಟೀನಿ. ಬಡಿಯಾಕ ಬರಲಾರದಾಕಿ ಬಾಗಲದಾಗ ಕುಂತು ಮಂದಿಗಿ ಹ್ಯಾಂಗ ಬೈಲಿ? ನಾಚಿಕಿ ಬರ್ತದ ತಂಗಿ."

ಆಕೆ ನನ್ನನ್ನು ತಂಗಿ ಎಂದದ್ದು ಬಹಳ ವರ್ಷದ ಮೇಲೆ. ಮನೆಯಲ್ಲಿ ಸುಮ್ಮನೆ ಕೂತರೆ ಈ ಹೆಂಗಸು ಕೂತೇ ಹೋಗುತ್ತಾಳೆ, ಕೈಯೂ ಹೋಗುತ್ತದೆ, ಬಾಯಿಯೂ ಹೋಗುತ್ತದೆ ಎನಿಸಿತು. ಬಸ್ಸಿನಲ್ಲಿ ಕೂತು ಸಿಟ್ಟಿನಿಂದ ಅತ್ತೆ. ಎಳ್ಳಮವಾಸ್ಯೆಯೊಳಗೆ ಆಕೆಯ ಹೆಬ್ಬೆರಳನ್ನು ನೆಟ್ಟಗೆ ಹಿಡಿಯುವ ಏನನ್ನಾದರೂ ನಮ್ಮ ಯಂತ್ರದಿಂದ ತೆಗೆಯಲೇಬೇಕು ಎಂದು ಶಹಾಪುರ ಮುಟ್ಟುವುದರೊಳಗೆ ನಿಶ್ಚಯ ಮಾಡಿದ್ದೆ.

ಮಾಡಿದೆ. ಆಕೆಯ ಕೈಗೆ ದಾರ ಸುತ್ತಿ ಅಳತೆ ತೆಗೆದು, ಮಣಿಕಟ್ಟಿನಿಂದ ಹೆಬ್ಬೆರಳ ತುದಿಯವರೆಗೆ ಬರುವ ಒಂದು ಚಿಪ್ಪನ್ನು ಕಂಪ್ಯೂಟರಿನಲ್ಲಿ ಬರೆದು ಪ್ರಿಂಟ್ ತೆಗೆದೆ. ಕಟ್ಟಲು ಲಂಗದ ಲಾಡಿ ಪೋಣಿಸಿದೆ. ಮೊದಲನೆಯದು ಒತ್ತಿ ಬೆರಳ ಬುಡ ಕೆಂಪಾಯಿತು. ಮುಂದಿನದು ಸಡಿಲಾಗಿ ತಿರುಗಿಕೊಂಡಿತು. ಅದರ ಮುಂದಿನದು ಉಜ್ಜಿ ಚರ್ಮಕ್ಕೆ ಗುಳ್ಳೆ ಎದ್ದಿತು. ಕೈ ಎಂಬುದು ಮಿಕ್ಸಿಯ ಗುಂಡಿಯಲ್ಲ. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ದಾರಕ್ಕೆ ಗೊತ್ತಾಗುವುದಿಲ್ಲ.

"ಇದ ನಿನ್ನ ಕೈಗಿ ಬರೋಬ್ಬರಿ ಆಗ್ತದ, ನೀನೇ ಹಾಕ್ಕೋ," ಎಂದು ಅಕ್ಕ ಮೂರನೆಯದನ್ನು ನನ್ನ ಮಡಿಲಿಗೆ ಎಸೆದಳು.

"ನಿನ್ನ ಕೈನೇ ಸೊಟ್ಟ ಅದ," ಎಂದೆ ನಾನೂ. ಆಕೆ ಎದ್ದು ಒಳಗೆ ಹೋದಳು. ಮೊದಲಾಗಿದ್ದರೆ ತಿರುಗಿ ಬೈಯುತ್ತಿದ್ದಳು.

ಅದೇ ವಾರ ಗುರುಮಠಕಲ್ಲಿನ ಗಿರಾಕಿಯೊಬ್ಬಳು ಹೊಲಿಗೆ ಯಂತ್ರದ ಹಲ್ಲುಚಕ್ರಕ್ಕೆ ಬಂದಾಗ ತನ್ನ ಮಗಳು ಹೈದರಾಬಾದಿನಲ್ಲಿ ಇಂಥದ್ದೇ ದೊಡ್ಡ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರ್ ಎಂದಳು. ನಾನು ಆಕೆಯ ಕೈ ಬಿಡಲಿಲ್ಲ. ಫೋನು ಹಚ್ಚಿಸಿ, ಮಗಳನ್ನು ಒಪ್ಪಿಸಿ, ಅಕ್ಕನನ್ನು ಎಬ್ಬಿಸಿಕೊಂಡು ಯಾದಗಿರಿಯಿಂದ ರೈಲು ಹತ್ತಿದೆ. ಅಕ್ಕ ಬರಲು ಒಪ್ಪಿದ್ದು ಬೆರಳಿಗಾಗಿ ಅಲ್ಲ, ತಮ್ಮ ರೊಟ್ಟಿ ಮಾರುವ ಅಂಗಡಿಯನ್ನು ಒಮ್ಮೆ ನೋಡಬೇಕೆಂದು. ಹಾಗೆಂದು ಆಕೆಯೇ ಹೇಳಿದಳು. ನಾನು ನಂಬಲಿಲ್ಲ.

ಆ ಹುಡುಗಿ ಗೇಟಿಗೇ ಬಂದು ನಿಂತಿದ್ದಳು. ನೀಲಿ ಕೋಟು, ಕಣ್ಣಿಗೆ ದಪ್ಪ ಕನ್ನಡಕ, ಬಾಯಲ್ಲಿ ನಮ್ಮದೇ ಕನ್ನಡ, ನಡುನಡುವೆ ತೆಲುಗು. "ರಂಡಿ, ಬರ್ರಿ ಅಕ್ಕಾ," ಎಂದು ಎರಡೂ ಭಾಷೆಯಲ್ಲಿ ಒಳಗೆ ಕರೆದೊಯ್ದಳು. ಒಳಗೆ ಆಸ್ಪತ್ರೆಯ ಹಾಗೆ ಚೊಕ್ಕ, ತಂಪು. ಯಂತ್ರಗಳೋ ನಮ್ಮ ಅಡುಗೆಮನೆಯಷ್ಟು ದೊಡ್ಡವು. ಒಂದರ ಗಾಜಿನ ಕಿಟಕಿಯಲ್ಲಿ ಬಿಳಿ ಪುಡಿಯನ್ನು ಒಂದು ಪಟ್ಟಿ ತೆಳ್ಳಗೆ ಸವರಿ ಹೋಗುತ್ತಿತ್ತು. ಮೇಲಿಂದ ಲೇಸರ್ ಬೆಳಕು ಬಿದ್ದಲ್ಲಿ ಪುಡಿ ಕರಗಿ ಅಂಟಿಕೊಳ್ಳುತ್ತಿತ್ತು. ಮತ್ತೆ ಪುಡಿ, ಮತ್ತೆ ಬೆಳಕು.

ಅಕ್ಕ ಕಿಟಕಿಗೆ ಮೂಗು ಹಚ್ಚಿ ಕೇಳಿದಳು: "ಇದ ಯಾವ ಹಿಟ್ಟವ್ವಾ?"

"ನೈಲಾನ್ ಅಕ್ಕಾ. ಆ ಕಡೀ ರೂಮಿನಾಗ ಕಬ್ಬಿಣದ ಪುಡಿನೂ ಅದ, ಟೈಟಾನಿಯಮ್ಮೂ ಅದ. ವಿಮಾನಕ್ಕ, ಸವದ ಮೊಳಕಾಲ ಕೀಲಿಗೆಲ್ಲ ಭಾಗ ಮಾಡ್ತಾರ."

"ಹಿಟ್ಟು ಎಲ್ಲಿ ಬೀಸಸ್ತೀರಿ?"

ಹುಡುಗಿ ನಕ್ಕಳು. ಆದರೆ ಉತ್ತರ ಸರಿಯಾಗಿಯೇ ಕೊಟ್ಟಳು. ಈ ಯಂತ್ರ ಪರದೇಶದ ಕಂಪನಿಯದು. ಪುಡಿಯನ್ನೂ ಅವರ ಹತ್ತಿರವೇ ತೆಗೆದುಕೊಳ್ಳಬೇಕು, ಕೆಟ್ಟರೆ ಅವರ ಮನುಷ್ಯನೇ ಬಂದು ಬಿಚ್ಚಬೇಕು. ಬೇರೆಯವರ ಪುಡಿ ಹಾಕಿದರೆ ಯಂತ್ರ ಒಪ್ಪುವುದಿಲ್ಲ. ನನಗೆ ನಮ್ಮ ಗೋಣಿಚೀಲದ ಯಂತ್ರದ ಮೇಲೆ ಆವತ್ತು ಮೊದಲ ಸಲ ಪ್ರೀತಿ ಹುಟ್ಟಿತು. ಅದಕ್ಕೆ ಯಾರ ತಂತಿ ಹಾಕಿದರೂ ಉಂಡು ಸುಮ್ಮನಿರುತ್ತದೆ.

ಆಮೇಲೆ ಆಕೆ ಒಂದು ತಟ್ಟೆ ತಂದು ತೋರಿಸಿದಳು. ಅದರ ತುಂಬ ಕಡಲೆಬೀಜದಷ್ಟು ದೊಡ್ಡ ಚಿಪ್ಪುಗಳು. ಕಿವಿ ಕೇಳದವರ ಯಂತ್ರಕ್ಕೆ ಹಾಕುವ ಕವಚಗಳಂತೆ ಅವು, ರಾಳಕ್ಕೆ ಬೆಳಕು ಬಿಟ್ಟು ಮಾಡಿದವು. ಒಂದೊಂದೂ ಒಬ್ಬೊಬ್ಬರ ಕಿವಿಯ ಅಳತೆ. ಅಕ್ಕ ಎಡಗೈಯಲ್ಲಿ ಒಂದನ್ನು ಎತ್ತಿ ಬಹಳ ಹೊತ್ತು ನೋಡಿದಳು.

"ಇಷ್ಟು ಮಂದಿ ಕಿವಿ ಅಳತಿ ಸಿಕ್ಕಾದ. ನನ್ನ ಒಂದು ಹೆಬ್ಬಟ್ಟಿಂದು ಸಿಗವಲ್ದು ನೋಡು," ಎಂದಳು. ಅದನ್ನು ಹೇಳುವಾಗ ಬಲಗೈ ಸೆರಗಿನಿಂದ ಹೊರಗೆ ಬಂದಿತ್ತು.

ಹುಡುಗಿ ಆ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ನೋಡಿದಳು. ಇಲ್ಲಿ ಮಾಡಬೇಕೆಂದರೆ ದೊಡ್ಡ ಆಸ್ಪತ್ರೆಯ ಮೂಲಕ ಬರಬೇಕು, ಕೈಯನ್ನು ಸ್ಕ್ಯಾನ್ ಮಾಡಿಸಬೇಕು, ಸರದಿ ಬರುವುದರೊಳಗೆ ಬೇಸಿಗೆ ಬರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. "ನಿಮ್ಮ ಮಶೀನಿನಾಗ ಆಗಲ್ಲ ಅಂತಿಲ್ಲ ಅಕ್ಕಾ," ಎಂದು ನನ್ನ ಕಡೆ ತಿರುಗಿದಳು. "ಅಳತಿ ಒಂದೇ ತಕ್ರಾರು. ಅದ ಒಂದು ಸಿಕ್ರ ಮುಗೀತು." ಅಕ್ಕ ಬುತ್ತಿ ಬಿಚ್ಚಿ ಆಕೆಗೆ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ಕೊಟ್ಟಳು. ಹುಡುಗಿ ಕೋಟು ಬಿಚ್ಚಿಟ್ಟು ಮೆಟ್ಟಿಲ ಮೇಲೆ ಕೂತು ತಿಂದು, ಸಂಘದಲ್ಲಿ ಬೇರೆಯವರು ಬಡಿದ ಆ ರೊಟ್ಟಿಯನ್ನು ಹೊಗಳಿದಳು. ಅಕ್ಕ ಬುತ್ತಿಯ ಬಟ್ಟೆ ಮಡಿಚಿದಳು. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡುತ್ತಿರಲಿಲ್ಲ, ನನಗೆ ಗೊತ್ತು.

ಬಂದವಳೇ ಅಳತೆ ತಿದ್ದಿ ಇನ್ನೊಂದು ಚಿಪ್ಪು ಮಾಡಿದೆ. ಹಿಂದಿನವಕ್ಕಿಂತ ಚೆನ್ನಾಗಿತ್ತು, ಆದರೂ ಪೂರ್ತಿ ಹೊಂದುವುದಿಲ್ಲ ಎಂದು ನನಗೇ ಅನುಮಾನ. ಸುರಪುರದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿ ಫೋನಿನಲ್ಲಿ ಹೇಳಿದೆ: "ಅಕ್ಕ, ಇದ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್. ಬಿಸಿ ತಡಿಯಂಗಿಲ್ಲ. ಒಲಿ ಹಂತ್ಯಾಕ ಒಯ್ಯಬ್ಯಾಡ." ಆಕೆ ಹೂಂ ಎಂದಳು.

ಮರುದಿನ ಬೆಳಿಗ್ಗೆ ಆಕೆಯ ಫೋನು. "ನಿನ್ನ ಪಿಲಾಸ್ಟಿಕ್ ಸತ್ತು ಹೋತು," ಎಂದಳು.

"ಒಲಿ ಹಂತ್ಯಾಕ ಒಯ್ದಿ?"

"ಒಲಿಗಿ ಯಾಕ ಒಯ್ಲಿ? ಎಸರಿನಾಗ ಅದ್ದೀನಿ ಅಷ್ಟ."

ನಾನು ಫೋನನ್ನು ನೆಲಕ್ಕೆ ಎಸೆಯದೆ ಇದ್ದದ್ದು ದೊಡ್ಡದು. ಆಕೆಯ ಸಂಘದಲ್ಲಿ ಒಂದು ಪದ್ಧತಿ ಇದೆ. ಹಿಟ್ಟು ನಾದುವ ಹೊಸ ಪರಾತ ಇರಲಿ, ಸೌಟು ಇರಲಿ, ಹೊಸದಾಗಿ ಸೇರಿದ ಹೆಂಗಸಿನ ಕೈಬಳೆ ಇರಲಿ, ರೊಟ್ಟಿಯ ಕೋಣೆಯೊಳಗೆ ಬರುವ ಯಾವ ಹೊಸ ವಸ್ತುವನ್ನೂ ಅವತ್ತಿನ ಮೊದಲ ಎಸರಿನಲ್ಲಿ ಅದ್ದಿಯೇ ಬಳಸುವುದು. ಆ ಪದ್ಧತಿ ಹಾಕಿದವಳೂ ಅಕ್ಕನೇ. ಕುದಿಯುವ ನೀರು ಬಿಸಿ ಎಂಬುದು ಆಕೆಗೆ ತಿಳಿಯದ್ದೇನಲ್ಲ. ಆದರೆ ಎಸರು ಆಕೆಯ ಲೆಕ್ಕದಲ್ಲಿ ಶುದ್ಧ, ಒಲೆ ಮಾತ್ರ ಬಿಸಿ. ಎಳ್ಳಮವಾಸ್ಯೆಗೆ ಇನ್ನು ವಾರವೂ ಉಳಿದಿರಲಿಲ್ಲ. ಅಂಗಡಿಯನ್ನು ಗಂಡನಿಗೆ ಬಿಟ್ಟು ಸಿಕ್ಕ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡೆ. ಒಂದೂ ಒಳ್ಳೆಯ ಮಾತಿರಲಿಲ್ಲ.

ಕೋಣೆಯಲ್ಲಿ ಅವತ್ತಿನ ಕೆಲಸ ಮುಗಿದಿತ್ತು. ಉಳಿದವರು ಮನೆಗೆ ಹೋಗಿದ್ದರು. ಅಕ್ಕ ಒಬ್ಬಳೇ ಕೂತಿದ್ದಳು. ನನ್ನ ಚಿಪ್ಪು ಕಿಟಕಿಯಲ್ಲಿ ಒಣಗಿದ ಬದನೆಕಾಯಿ ಹೋಳಿನಂತೆ ಸೊಟ್ಟಗೆ ಬಿದ್ದಿತ್ತು.

"ಬಿಸಿ ತಡಿಯಂಗಿಲ್ಲ ಅಂತ ಬಾಯಿ ಹರಕೊಂಡು ಹೇಳೀನಿ! ಕಿವಿಗಿ ಏನ್ ಹಾಕ್ಕೊಂಡಿದ್ದಿ?"

"ಅದ್ದಲಾರದ ಹ್ಯಾಂಗ ಹಾಕ್ಕೊಳ್ಳಿ? ಮಂದಿ ತಿಂತಾರ!"

"ತಿಂತಾರ, ನಿನ್ನ ತಲಿ ತಿಂತಾರ! ನೋಡು, ಏನಾಗ್ತದ ಅಂತ ಕಣ್ಣಾರ ನೋಡು." ನಾನು ಸಿಟ್ಟಿನಲ್ಲಿ ಒಲೆಯ ಮೇಲೆ ಇನ್ನೂ ಹಬೆಯಾಡುತ್ತಿದ್ದ ಎಸರಿನ ಪಾತ್ರೆಯೊಳಗೆ ಆ ಚಿಪ್ಪನ್ನು ಮುಳುಗಿಸಿ, ಇಕ್ಕಳದಿಂದ ಎತ್ತಿ ಆಕೆಯ ಮುಂದೆ ಹಿಡಿದೆ. ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಇಕ್ಕಳದಿಂದ ಜಾರಿತು. ಕೆಳಗೆ ಬೀಳಬಾರದೆಂದು ಅಕ್ಕ ಕೈ ಒಡ್ಡಿದಳು. ಒಡ್ಡಿದ್ದು ಬಲಗೈ, ಅದರ ಮೇಲೆ ಪಾತ್ರೆ ಹಿಡಿಯಲು ಸುತ್ತಿಕೊಂಡಿದ್ದ ಒದ್ದೆ ಬಟ್ಟೆ. ಚಿಪ್ಪು ಮಣಿಕಟ್ಟಿನ ಮೇಲೆ ಬಿದ್ದು ಅಂಟಿಕೊಂಡಿತು.

"ಯವ್ವಾ, ಬಿಸಿ!" ಎಂದು ಕೊಡವಲು ಹೋದಳು. ನಾನು ಸುಟ್ಟಿತೆಂದು ಗಾಬರಿಯಾಗಿ ತಣ್ಣೀರು ಚೆಲ್ಲಿದೆ. ಚೆಲ್ಲಿದ್ದೇ ತಡ, ಅದು ಇದ್ದಲ್ಲೇ ಗಟ್ಟಿಯಾಯಿತು.

ನಾವಿಬ್ಬರೂ ಅದನ್ನು ನೋಡಿದೆವು. ಮಣಿಕಟ್ಟಿನ ಉಬ್ಬಿಗೆ ಉಬ್ಬು, ತಗ್ಗಿಗೆ ತಗ್ಗು, ಎಲ್ಲೂ ಸಂದಿಲ್ಲ. ದಾರ ಸುತ್ತಿ ಸುತ್ತಿ ನನಗೆ ಸಿಗದ ಅಳತೆ ಅಲ್ಲಿ ತಾನಾಗಿ ಕೂತಿತ್ತು. ಹೆಬ್ಬೆರಳು ಮಾತ್ರ ಎಂದಿನಂತೆ ಒಳಗೆ ಬಿದ್ದಿತ್ತು.

"ಸುಟ್ಟೇತೇನು?"

"ಇಲ್ಲ, ಬೆಚ್ಚಗ ಅದ." ಆಕೆ ಕೈ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ, "ಇನ್ನೊಮ್ಮಿ ಅದ್ದು," ಎಂದಳು.

ಈ ಸಲ ಬಟ್ಟೆಯನ್ನು ಇಬ್ಬರೂ ಸೇರಿ ನೀಟಾಗಿ ಸುತ್ತಿದೆವು. ನಾನು ಆಕೆಯ ಹೆಬ್ಬೆರಳನ್ನು ಎತ್ತಿ ಹಿಡಿದೆ. ಆಕೆ ಮೆತ್ತಗಾದ ಚಿಪ್ಪನ್ನು ಎಡಗೈಯಿಂದ ಅದರ ಸುತ್ತ ಒತ್ತುತ್ತ ಹೋದಳು. ಅಂಚುಗಳನ್ನು ಹೊರಕ್ಕೆ ಮಡಿಸಿದಳು, ಚುಚ್ಚದಂತೆ. ನೀರು ಹಾಕಿದೆವು. ನಾನು ಕೈ ಬಿಟ್ಟೆ. ಹೆಬ್ಬೆರಳು ನಿಂತಿತು. ಅದನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ ಆಕೆಯ ಬೆನ್ನಿಗೆ ಒಂದು ಗುದ್ದಿದೆ. ಆಕೆಯೂ ತಿರುಗಿ ಗುದ್ದಿದಳು, ಆ ಚಿಪ್ಪಿನ ಕೈಯಿಂದಲೇ. ನೋವಾಯಿತು.

ಹೈದರಾಬಾದಿನ ಹುಡುಗಿಗೆ ಫೋಟೋ ಕಳಿಸಿದೆ. ತಕ್ಷಣ ಫೋನು ಮಾಡಿದಳು. "ಸ್ಕ್ಯಾನರೇ ಬ್ಯಾಡ ಅಕ್ಕಾ, ಕೈನೇ ಅಚ್ಚು ಆತಲ್ಲ!" ಎಂದು ಕಿರುಚಿದಳು. ಮುರಿದ ಕೈಗೆ ಪಟ್ಟಿ ಮಾಡುವ ಕೆಲವರು ಹೀಗೆ ಚಪ್ಪಟೆಯಾಗಿ ಪ್ರಿಂಟ್ ತೆಗೆದು ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿ ಕೂರಿಸುವುದುಂಟಂತೆ, ತನಗೆ ಅವತ್ತು ಹೊಳೆಯಲೇ ಇಲ್ಲ ಎಂದು ತಲೆ ಚಚ್ಚಿಕೊಂಡಳು. ನಮ್ಮ ತಂತಿ ನಾದಿದ ಹಿಟ್ಟಿನ ಬಿಸಿಗೇ ಮತ್ತೆ ಸೊಟ್ಟಗಾಗಬಹುದು, ಇನ್ನೊಂದು ಜಾತಿಯ ತಂತಿ ಇದೆ, ಅದು ಮೆತ್ತಗಾಗಲು ಇನ್ನೂ ಹೆಚ್ಚು ಬಿಸಿ ಬೇಕು, ಅದರಲ್ಲಿ ಮಾಡಿ ಎಂದು ಹೇಳಿ, ತಾನೇ ಒಂದು ಸುರುಳಿಯನ್ನು ತಾಯಿಯ ಕೈಯಲ್ಲಿ ಕಳಿಸಿದಳು.

ಅದರಲ್ಲಿ ಚಪ್ಪಟೆ ಚಿಪ್ಪು ತೆಗೆದೆ. ಗಾಳಿಯಾಡಲು ತೂತುಗಳನ್ನಿಟ್ಟೆ. ಕರೆಂಟು ಎರಡು ಸಲ ಕೈಕೊಟ್ಟಿತು. ಮೂರನೆಯ ಸಲ ನನ್ನ ಗಂಡ ಯಾರದೋ ಮದುವೆಯ ಡೆಕೊರೇಷನ್‌ನವರಿಂದ ಬ್ಯಾಟರಿ ತಂದು ಕೂರಿಸಿ, ಯಂತ್ರದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತರು. "ವೈನಿ ರೊಟ್ಟಿ ತಿಂದು ಬೆಳದಾಂವ ನಾನು," ಎಂದು ಅತ್ತಿಗೆಯನ್ನು ನೆನೆದರು. ನನ್ನ ರೊಟ್ಟಿಯ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಳ್ಳಮವಾಸ್ಯೆಯ ಮುಂಚಿನ ದಿನ ಬೆಳಿಗ್ಗೆ ಅಕ್ಕ ಹೊಸ ಚಿಪ್ಪು ಕಟ್ಟಿಕೊಂಡು ಕೋಣೆಗೆ ಹೋದಳು, ನಾನು ಹಿಂದೆ. ಅದನ್ನು ಎಸರಿನಲ್ಲಿ ಅದ್ದಿಯೇ ಕೈಗೆ ಕೂರಿಸಿದ್ದರಿಂದ ಪದ್ಧತಿಗೂ ಕೊರತೆಯಾಗಿರಲಿಲ್ಲ. ಹೆಂಗಸರೆಲ್ಲ ಬಂದಿದ್ದರು. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎರಡಕ್ಕೂ ಊರ ತುಂಬ ಬೇಡಿಕೆ. ಬಾಗಿಲ ಪಕ್ಕದ ಕಲ್ಲು ಖಾಲಿ ಇತ್ತು. ಅಕ್ಕ ಕಟ್ಟು ಕಟ್ಟುವ ಮೂಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಹೋಗಿ ಕಲ್ಲಿನ ಮುಂದೆ ಕೂತಳು. ಎಲ್ಲರೂ ತಮ್ಮ ತಮ್ಮ ಹಿಟ್ಟಿನ ಮೇಲೇ ಕಣ್ಣಿಟ್ಟು, ಓರೆಗಣ್ಣಿನಲ್ಲಿ ಆಕೆಯನ್ನೇ ನೋಡುತ್ತಿದ್ದರು.

ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಮೊದಲ ರೊಟ್ಟಿ ಒಂದು ಬದಿಗೆ ಓಡಿತು. ಎತ್ತಲು ಹೋದರೆ ಹರಿಯಿತು. ಆಕೆ ಹರಿದದ್ದನ್ನು ಮುದ್ದೆ ಮಾಡಿ ಮತ್ತೆ ನಾದಿದಳು. ಹಣೆಯಲ್ಲಿ ಬೆವರು. ಹೋಗಲಿ ಬಿಡು ಅಕ್ಕ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಎರಡನೆಯದೂ ಹರಿಯಿತು. ಅದರ ಮುಂದಿನದನ್ನು ಆಕೆ ಅವಸರ ಮಾಡದೆ, ಹೊರಗೆ ನಿಂತ ಹೆಬ್ಬೆರಳನ್ನು ಮರೆತು ಬರೀ ಅಂಗೈಯಿಂದ ಬಡಿದಳು. ರೊಟ್ಟಿ ತಿರುಗಿತು, ಅಗಲವಾಯಿತು. ಎರಡೂ ಕೈಯಲ್ಲಿ ಎತ್ತಿದಳು. ಹರಿಯಲಿಲ್ಲ. ಹಂಚಿನ ಮುಂದಿದ್ದಾಕೆ ಸರಿದು ಜಾಗ ಬಿಟ್ಟಳು, ಅಕ್ಕನೇ ಹಂಚಿನ ಮೇಲೆ ಹಾಕಿದಳು. ಬೆಂದದ್ದನ್ನು ತೆಗೆದು ನನ್ನ ಕೈಗೆ ಕೊಟ್ಟಳು.

ಅಂಚು ದಪ್ಪವಾಗಿತ್ತು. ದುಂಡಗೂ ಇರಲಿಲ್ಲ. ಹೊಸ ಸೊಸೆಯ ರೊಟ್ಟಿಯ ಹಾಗಿತ್ತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕೋಣೆಯಲ್ಲಿ ಬಡಿಯುವ ಸದ್ದೇ ನಿಂತುಹೋಗಿತ್ತು. ಕೆಲವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಕ್ಕ ತಲೆ ಎತ್ತಿದಳು. "ಏನ್ ಬಾಯಿ ತಕ್ಕೊಂಡು ನೋಡ್ತೀರಿ ಎಲ್ಲಾರೂ? ಹಂಚು ಕಾಯ್ದು ಸುಡಾಕತ್ತದ. ಆ ಕಡೀ ಹಿಟ್ಟು ಒಣಗಾಕತ್ತದ. ಹಬ್ಬ ಮುಗದ್ ಮರುದಿನ ಗಿರಣ್ಯಾಗ ಜ್ವಾಳ ಬೀಸಿಕೊಂಡು ಬರಾಕ ಯಾರು ಹೋಗ್ತೀರಿ? ಈಗ ಹೇಳ್ರಿ, ಆಮ್ಯಾಲ ನೆವ ನಡಿಯಂಗಿಲ್ಲ!"

ಹಬ್ಬದ ತನಕ ಮಾತ್ರ ಎಂದಿದ್ದವಳ ಬಾಯಲ್ಲಿ ಹಬ್ಬ ಮುಗಿದ ಮರುದಿನ. ಎಲ್ಲರಿಗೂ ಕೇಳಿಸಿತು. "ನಾ ಹೋಗ್ತೀನಿ", "ನಾ ಹೋಗ್ತೀನ್ರಿ ಅಕ್ಕ" ಎಂದು ಹೆಂಗಸರೆಲ್ಲ ಒಟ್ಟಿಗೇ ಕೂಗಿದರು. ಶಹಾಪುರದಲ್ಲಿ ಅಂಗಡಿ ಇಟ್ಟುಕೊಂಡ, ಆ ಗಿರಣಿ ಎಲ್ಲಿದೆ ಎಂದು ಕೂಡ ತಿಳಿಯದ ನಾನೂ ಅಳುತ್ತ ಕೂಗಿದೆ, "ನಾ ಹೋಗ್ತೀನಿ ಅಕ್ಕ!"

"ನೀ ಬ್ಯಾಡ," ಎಂದಳು ಅಕ್ಕ, ಮುಂದಿನ ಉಂಡೆಯನ್ನು ಕಲ್ಲಿನ ಮೇಲೆ ಹಾಕುತ್ತ. "ನಿನಗ ಬರಂಗಿಲ್ಲ. ನೀ ಸುಮ್ಮ ಕುಂತು ಆ ರೊಟ್ಟಿ ತಿನ್ನು."